ಬೈಸಿಕಲ್ಲಿಗೊಂದು ಬೀಗ

ಬೀಗವೆಂಬ ವಸ್ತುವಿಗೆ ನಮ್ಮ ನಾಡಿನಲ್ಲಿ ಹೆಸರುಗಳ ಕೊರತೆಯಿಲ್ಲ. ಮೈಸೂರಿನ ಕಡೆಯವರು ಬೀಗ, ಬೀಗದ ಕೈ ಎಂದರೆ ಧಾರವಾಡ, ಬೆಳಗಾವಿಗಳ ಕಡೆ ಕೀಲಿ, ಕೀಲಿಕೈ ಎನ್ನುತ್ತಾರೆ. ಖಾನಾಪುರವನ್ನು ದಾಟಿ ಲೋಂಡಾದ ಪೇಟೆಗೆ ಬಂದರೆ ಮರಾಠಿಯ ಕುಲೂಪವೂ ಕಿವಿಗೆ ಬೀಳುತ್ತದೆ. ಹೆಸರು ಯಾವುದಾದರೂ ಅದನ್ನು ಕೊಳ್ಳುವವನ ಮನಸ್ಸಿನಲ್ಲಿರುವ ಭಾವನೆ ಒಂದೇ: ಇದನ್ನು ಹಾಕಿದ ಮೇಲೆ ಇನ್ನು ಚಿಂತೆಯಿಲ್ಲ ಎಂಬುದು. ಈ ಭಾವನೆ ಎಷ್ಟರ ಮಟ್ಟಿಗೆ ಸರಿ, ಬೆಲೆಬಾಳುವ ಬೈಸಿಕಲ್ಲೊಂದನ್ನು ಕಾಯಬೇಕಾದಾಗ ಬೀಗವನ್ನು ಹೇಗೆ ಆರಿಸಬೇಕು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಇದಕ್ಕೆ ಲೋಂಡಾವನ್ನೇ ಉದಾಹರಣೆಯಾಗಿ ಎತ್ತಿಕೊಳ್ಳುವುದು ಉಚಿತ. 1888ರಲ್ಲಿ ಮರ್ಮಗೋವಾ ಬಂದರಿನಿಂದ ಘಟ್ಟವನ್ನೇರಿ ಕ್ಯಾಸಲ್‌ರಾಕ್‌ವರೆಗೆ ಬಂದ ರೈಲುದಾರಿ ಮುಂದೆ ಬಯಲುಸೀಮೆಯನ್ನು ಕೂಡಿಕೊಳ್ಳುವುದು ಈ ಜಂಕ್ಷನ್ನಿನ ಮೂಲಕ. ಇಲ್ಲಿಂದ ಒಂದು ಹಳಿ ಹುಬ್ಬಳ್ಳಿಗೆ, ಒಂದು ಬೆಳಗಾವಿಗೆ, ಇನ್ನೊಂದು ಗೋವೆಗೆ. ಸುತ್ತಲೂ ಸಹ್ಯಾದ್ರಿಯ ಕಾಡು. ಕಾಡಿನ ಅಂಚಿನ ಹಳ್ಳಿಯಿಂದ ರೈಲು ಹಿಡಿಯಲು ಬರುವ ನೌಕರನಿಗಾಗಲಿ, ವಿದ್ಯಾರ್ಥಿಗಾಗಲಿ ಬೈಸಿಕಲ್ಲು ಆಟದ ವಸ್ತುವಲ್ಲ. ಸಂಜೆ ಹಿಂದಿರುಗಿದಾಗ ಅದು ನಿಲ್ಲಿಸಿದಲ್ಲಿ ಇಲ್ಲವೆಂದರೆ ಕತ್ತಲೆಯಲ್ಲಿ ಕಾಡುದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಬೇಕು. ಇದರ ಜೊತೆಗೆ ಬೆಳಗಾವಿಯಿಂದ ಖಾನಾಪುರ, ಲೋಂಡಾ, ಅನಮೋಡ ಘಟ್ಟಗಳ ಮಾರ್ಗವಾಗಿ ಗೋವೆಗೆ ಇಳಿಯುವ ಹವ್ಯಾಸಿ ಸವಾರರೂ ಇದ್ದಾರೆ. ಅವರ ಬೈಸಿಕಲ್ಲುಗಳ ಬೆಲೆ ಮೂವತ್ತು ಸಾವಿರದಿಂದ ಆರಂಭವಾಗಿ ಲಕ್ಷವನ್ನು ದಾಟುವುದೂ ಉಂಟು. ಎಷ್ಟೋ ಮಂದಿಗೆ ಅದು ಹಲವು ತಿಂಗಳುಗಳ ಉಳಿತಾಯ.

ನಮ್ಮ ಹಿರಿಯರ ಕಾಲದ ಕಪ್ಪು ಬಣ್ಣದ ಬೈಸಿಕಲ್ಲಿಗೆ ಹಿಂದಿನ ಗಾಲಿಯ ಬಳಿ ಕುದುರೆಯ ಲಾಳದಂತಹ ಒಂದು ಬೀಗವಿರುತ್ತಿತ್ತು. ಕಡ್ಡಿಗಳ ನಡುವೆ ಒಂದು ಬಾಗಿದ ಸರಳು ತೂರಿ ಗಾಲಿ ತಿರುಗದಂತೆ ಮಾಡುತ್ತಿತ್ತು. ಆ ಬೀಗ ಸಾಮಾನ್ಯದ್ದೇ. ಆದರೂ ಸಾಕಾಗುತ್ತಿತ್ತು, ಏಕೆಂದರೆ ಸುಮಾರು ಇಪ್ಪತ್ತು ಕಿಲೋ ತೂಗುವ ಆ ವಾಹನವನ್ನು ಹೆಗಲ ಮೇಲೆ ಹೊತ್ತು ಹೋಗುವವನನ್ನು ಊರೆಲ್ಲ ನೋಡುತ್ತಿತ್ತು. ಹೊಸ ಬೈಸಿಕಲ್ಲುಗಳ ಧರ್ಮವೇ ಬೇರೆ. ಅವು ಹಗುರವಾದಷ್ಟೂ ಬೆಲೆ ಹೆಚ್ಚು. ಬೆಲೆ ಹೆಚ್ಚಿದಷ್ಟೂ ಕಳ್ಳನಿಗೆ ಹೊರೆ ಕಡಿಮೆ! ಹತ್ತು ಕಿಲೋದ ಬೈಸಿಕಲ್ಲಿಗೆ ಗಾಲಿಯನ್ನಷ್ಟೇ ತಡೆಯುವ ಬೀಗ ಹಾಕಿದರೆ, ಕಳ್ಳ ಅದನ್ನು ಒಂದೇ ಕೈಯಲ್ಲಿ ಎತ್ತಿ ಟೆಂಪೋದಲ್ಲಿಟ್ಟು ಹೊರಟುಹೋಗಬಹುದು. ಬೀಗವನ್ನು ಆಮೇಲೆ ಬಿಡುವಾದಾಗ ಒಡೆದರಾಯಿತು. ಆದುದರಿಂದ ಮೊದಲನೆಯ ಸೂತ್ರವಿದು: ಬೆಲೆಯುಳ್ಳ ಬೈಸಿಕಲ್ಲನ್ನು ಅದಕ್ಕೆ ಅದನ್ನೇ ಕಟ್ಟಿದರೆ ಸಾಲದು, ಅಲುಗಾಡದ ಇನ್ನೊಂದು ವಸ್ತುವಿಗೆ ಕಟ್ಟಬೇಕು.

ಒಡೆಯಲಾಗದ ಬೀಗ ಎಂಬುದೊಂದು ಉಂಟೆ? ಇಂಗ್ಲೆಂಡಿನಲ್ಲಿ ಜೋಸೆಫ್ ಬ್ರಾಮಾ ಎಂಬಾತ 1784ರಲ್ಲಿ ಒಂದು ಬೀಗಕ್ಕೆ ಪೇಟೆಂಟ್ ಪಡೆದ. ಅವನ ಲಂಡನ್ ಅಂಗಡಿಯ ಗಾಜಿನ ಕಿಟಕಿಯಲ್ಲಿ, ಕೀಲಿಕೈ ಇಲ್ಲದೆ ಇದನ್ನು ತೆರೆಯಬಲ್ಲ ಉಪಕರಣವನ್ನು ಮಾಡಿದವರಿಗೆ ಇನ್ನೂರು ಗಿನಿ ಬಹುಮಾನ ಎಂಬ ಬರಹದೊಡನೆ ಒಂದು ಬೀಗ ವರ್ಷಗಟ್ಟಲೆ ತೂಗುತ್ತಿತ್ತು. 1851ರ ಮಹಾಪ್ರದರ್ಶನದ ಸಂದರ್ಭದಲ್ಲಿ ಅಮೆರಿಕದ ಹಾಬ್ಸ್ ಎಂಬ ಕುಶಲಿ ಬಂದು ಅದನ್ನು ತೆರೆದೇಬಿಟ್ಟ. ಆದರೆ ಅದಕ್ಕೆ ಅವನಿಗೆ ಹಿಡಿದದ್ದು ಹದಿನಾರು ದಿನಗಳಲ್ಲಿ ಹರಡಿದ ಐವತ್ತೊಂದು ಗಂಟೆಗಳು. ಈ ಕಥೆಯಲ್ಲಿ ಸೋತದ್ದು ಬೀಗವೆಂದು ಜನ ಹೇಳುತ್ತಾರೆ. ನನಗೇನೋ ಬೀಗವೇ ಗೆದ್ದಂತೆ ತೋರುತ್ತದೆ. ಐವತ್ತೊಂದು ಗಂಟೆ ಒಂದೇ ಬಾಗಿಲಿನ ಮುಂದೆ ಕುಳಿತಿರುವ ಕಳ್ಳ ಎಲ್ಲಿದ್ದಾನೆ? ಬೀಗ ನಮಗೆ ಕೊಡುವುದು ಅಭಯವನ್ನಲ್ಲ, ಕಾಲಾವಕಾಶವನ್ನು. ಕಳ್ಳನಿಗೆ ಬೇಕಾದ ಹೊತ್ತು, ಅವನಿಗೆ ಸಿಗುವ ಹೊತ್ತಿಗಿಂತ ಹೆಚ್ಚಾಗುವಂತೆ ಮಾಡುವುದೇ ಬೀಗದ ಕೆಲಸ.

ಈ ದೃಷ್ಟಿಯಿಂದ ಮಾರುಕಟ್ಟೆಯ ಬೀಗಗಳನ್ನು ನೋಡೋಣ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಪ್ಲಾಸ್ಟಿಕ್ ಹೊದಿಕೆಯ ತಂತಿಯ ಕೇಬಲ್. ಹಗುರ, ಅಗ್ಗ, ನೋಡಲು ದಪ್ಪ. ಆದರೆ ಆ ದಪ್ಪದಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನದು. ಒಳಗಿರುವ ಸಣ್ಣ ತಂತಿಗಳ ಹುರಿಯನ್ನು ಕೈಯಲ್ಲಿ ಹಿಡಿಯುವಂಥ ಕತ್ತರಿ ಕೆಲವೇ ಕ್ಷಣಗಳಲ್ಲಿ ತುಂಡರಿಸುತ್ತದೆ. ಕಣ್ಣೆದುರಿಗೆ ಬೈಸಿಕಲ್ಲನ್ನಿಟ್ಟುಕೊಂಡು ಚಹಾ ಕುಡಿಯುವಷ್ಟು ಹೊತ್ತಿಗೆ ಅದು ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಲ್ಲದು. ಅಂಕಿ ಕೂಡಿಸಿ ತೆರೆಯುವ ಬೀಗಗಳ ಲೆಕ್ಕವನ್ನೂ ನೋಡಿ. ಮೂರು ಅಂಕಿಯ ಬೀಗದಲ್ಲಿ ಸಾಧ್ಯವಿರುವ ಜೋಡಣೆಗಳು ಒಂದು ಸಾವಿರ. ಒಂದಕ್ಕೆ ಮೂರು ಸೆಕೆಂಡು ಹಿಡಿದರೂ ಐವತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಬೆಳಗಿನ ರೈಲಿಗೆ ಹೋದವನು ಸಂಜೆ ಬರುತ್ತಾನೆಂಬುದನ್ನು ಬಲ್ಲವನಿಗೆ ಐವತ್ತು ನಿಮಿಷ ದೊಡ್ಡದಲ್ಲ.

ಇನ್ನುಳಿದವು ಎರಡು: ಸರಪಳಿ ಮತ್ತು ಯು ಆಕಾರದ ಬೀಗ. ಸರಪಳಿಯೆಂದರೆ ಬಾವಿಯ ಕೊಡಕ್ಕೆ ಕಟ್ಟುವಂಥದ್ದಲ್ಲ. ಕಾಸಿ ಗಟ್ಟಿಗೊಳಿಸಿದ ಉಕ್ಕಿನದು, ಕೊಂಡಿಯ ಸರಳೇ ಹತ್ತು ಮಿಲಿಮೀಟರಿಗಿಂತ ಕಡಿಮೆಯಿಲ್ಲದ್ದು. ಇದಕ್ಕೆ ಹಾಕುವ ಬೀಗವೂ ಅಷ್ಟೇ ಬಲವಾಗಿರಬೇಕು. ಸರಪಳಿಗೆ ಸಾವಿರಾರು ರೂಪಾಯಿ ಸುರಿದು ಪೆಟ್ಟಿಗೆಗೆ ಹಾಕುವ ಬೀಗವನ್ನು ಅದಕ್ಕೆ ತಗುಲಿಸಿದರೆ ಏನು ಫಲ? ಕಳ್ಳ ಸರಪಳಿಯ ಗೊಡವೆಗೇ ಹೋಗುವುದಿಲ್ಲ. ಯು ಬೀಗವೆಂದರೆ ದಪ್ಪ ಸರಳನ್ನು ಬಾಗಿಸಿ ಅದರ ಎರಡು ತುದಿಗಳನ್ನು ಅಡ್ಡಪಟ್ಟಿಯೊಂದು ಕಚ್ಚಿಕೊಳ್ಳುವಂತೆ ಮಾಡಿದ್ದು. ಅದು ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ಎಣಿಕೆ ತಪ್ಪು. ಒಳಗೆ ಖಾಲಿ ಜಾಗ ಉಳಿದರೆ ಅಲ್ಲಿ ಹಾರೆಯನ್ನೋ ಜಾಕನ್ನೋ ತೂರಿಸಿ ಅಗಲಿಸಬಹುದು. ಬೈಸಿಕಲ್ಲನ್ನೂ ಕಂಬವನ್ನೂ ತಬ್ಬಿ ಬಿಗಿಯಾಗಿ ಕೂರುವ ಸಣ್ಣ ಬೀಗವೇ ಮೇಲು. ಬ್ಯಾಟರಿಯಿಂದ ನಡೆಯುವ ಗ್ರೈಂಡರ್ ಬಂದ ಮೇಲೆ ಇವೆರಡೂ ಅಜೇಯವಲ್ಲ, ನಿಜ. ಆದರೆ ಗ್ರೈಂಡರ್ ಕಿಡಿ ಹಾರಿಸುತ್ತದೆ, ಅರಚುತ್ತದೆ. ಜನರಿರುವ ಕಡೆ ಅದೇ ಒಂದು ಕಾವಲು.

ಬರಿಯ ದಪ್ಪವನ್ನು ನೋಡಿ ನಂಬಬಾರದೆಂಬುದಕ್ಕೆ 2004ರ ಒಂದು ಪ್ರಸಂಗವೇ ಸಾಕ್ಷಿ. ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಯು ಬೀಗಗಳು ಬಲಕ್ಕೆ ಹೆಸರಾಗಿದ್ದವು. ಅವುಗಳಲ್ಲಿ ಕೆಲವಕ್ಕೆ ಕೊಳವೆಯಾಕಾರದ ಕೀಲಿಕೈ ಇತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ, ಸಾಧಾರಣ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ಅದರ ಬಾಯಿಗೆ ಒತ್ತಿ ತಿರುವಿದರೆ ಬೀಗ ತೆರೆದುಕೊಳ್ಳುತ್ತದೆಂಬುದನ್ನು ಜಗತ್ತೆಲ್ಲ ಕಂಡಿತು. ಕಂಪನಿ ಆ ಬೀಗಗಳನ್ನು ಹಿಂದಕ್ಕೆ ಪಡೆದು ಹೊಸವನ್ನು ಕೊಡಬೇಕಾಯಿತು. ಉಕ್ಕು ಸೋತಿರಲಿಲ್ಲ, ಸೋತದ್ದು ಕೀಲಿಕೈಯ ಬಾಯಿ. ಹೊರಗಿನ ಮೈಯನ್ನು ನಾವು ನೋಡಬಲ್ಲೆವು, ಒಳಗಿನ ರಚನೆಯನ್ನು ನೋಡಲಾರೆವು. ಆದುದರಿಂದ ಪರೀಕ್ಷಕರ ಮಾತು ಬೇಕಾಗುತ್ತದೆ. ಇಂಗ್ಲೆಂಡಿನ ಸೋಲ್ಡ್ ಸೆಕ್ಯೂರ್ ಎಂಬ ಸಂಸ್ಥೆ ಬೀಗಗಳನ್ನು ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುತ್ತದೆ. ಡಚ್ಚರಲ್ಲಿ ಎ.ಆರ್.ಟಿ. ಎಂಬ ಗುರುತಿನ ಜೊತೆ ನಕ್ಷತ್ರಗಳು. ಬೀಗದ ಹೊದಿಕೆಯ ಮೇಲೆ ಕಂಪನಿ ತಾನೇ ಅಚ್ಚು ಹಾಕಿಸಿಕೊಂಡ ಅಂಕಗಳಿಗಿಂತ ಇಂಥ ಹೊರಗಿನವರ ಮುದ್ರೆಗೆ ಬೆಲೆ ಹೆಚ್ಚು.

ಸರಪಳಿಯೋ ಯು ಬೀಗವೋ ಎಂಬ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ. ಬೈಸಿಕಲ್ಲನ್ನು ನಾವು ಎಲ್ಲಿ ನಿಲ್ಲಿಸುತ್ತೇವೆಯೋ ಅಲ್ಲಿ ಸಿಗುತ್ತದೆ. ಬೆಳಗಾವಿಯಂಥ ನಗರದಲ್ಲಿ ಕಾಲೇಜಿನ ಅಂಗಳದ ಕಬ್ಬಿಣದ ಕೊಳವೆಗಳ ಸ್ಟ್ಯಾಂಡಿಗೋ ಕಿಟಕಿಯ ಗಟ್ಟಿ ಸರಳಿಗೋ ಯು ಬೀಗ ಸುಲಭವಾಗಿ ಹಿಡಿಯುತ್ತದೆ. ಲೋಂಡಾದಂಥ ಊರಿನಲ್ಲಿ ಕಟ್ಟಲು ಸಿಗುವುದು ಬೇರೆಯೇ: ಮನೆಯ ಜಗಲಿಯ ಕಂಬ, ದೊಡ್ಡ ಮರ, ಹಳೆಯ ಹಳಿಯ ತುಂಡನ್ನು ನೆಟ್ಟು ಮಾಡಿದ ಕಂಬ. ಇವನ್ನು ಸಣ್ಣ ಯು ಬೀಗ ತಬ್ಬಲಾರದು. ಇಲ್ಲಿ ಸರಪಳಿಯೇ ಆಗಬೇಕು. ಕಟ್ಟುವ ಮುನ್ನ ಕಂಬವನ್ನು ಒಮ್ಮೆ ಅಲುಗಿಸಿ ನೋಡುವುದು ಒಳ್ಳೆಯದು. ತುದಿ ತೆರೆದಿರುವ ಗಿಡ್ಡ ಕಂಬದಿಂದ ಬೈಸಿಕಲ್ಲನ್ನು ಬೀಗದ ಸಮೇತ ಮೇಲಕ್ಕೆ ಎತ್ತಿಬಿಡಬಹುದು. ಎಳೆಯ ಮರವನ್ನು ಕೊಡಲಿಯ ಎರಡು ಏಟು ಉರುಳಿಸುತ್ತದೆ. ನಿಲ್ದಾಣದ ಆವರಣದಲ್ಲಾದರೆ ಅಲ್ಲಿನವರನ್ನು ಕೇಳಿಯೇ ಕಟ್ಟಬೇಕು.

ಕಟ್ಟುವ ಕ್ರಮಕ್ಕೆ ರೈಲ್ವೆಯವರಿಂದಲೇ ಒಂದು ಪಾಠ ಕಲಿಯಬಹುದು. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತ ಪೇಟೆಂಟ್ ಪಡೆದ ಇಂಟರ್‌ಲಾಕಿಂಗ್ ಎಂಬ ಏರ್ಪಾಡು ಜಂಕ್ಷನ್ನುಗಳ ಜೀವಾಳ. ಹಳಿಯ ಕವಲು ಸರಿಯಾಗಿ ಕೂಡಿಕೊಳ್ಳದ ಹೊರತು ಸಿಗ್ನಲ್ಲು ದಾರಿ ಬಿಡದು; ಒಂದನ್ನು ಇನ್ನೊಂದು ಹಿಡಿದಿರುತ್ತದೆ. ಬೈಸಿಕಲ್ಲಿಗೂ ಹೀಗೆಯೇ. ಮುಖ್ಯ ಬೀಗ ಚೌಕಟ್ಟನ್ನೂ ಹಿಂದಿನ ಗಾಲಿಯನ್ನೂ ಕಂಬವನ್ನೂ ಒಟ್ಟಿಗೆ ಹಿಡಿಯಬೇಕು. ಮುಂದಿನ ಗಾಲಿಯನ್ನಷ್ಟೇ ಕಟ್ಟಿದರೆ, ಸಣ್ಣ ಹಿಡಿಯನ್ನು ತಿರುವಿ ಗಾಲಿಯನ್ನು ಕಳಚುವಂಥ ಹೊಸ ಬೈಸಿಕಲ್ಲಿನಲ್ಲಿ ಸಂಜೆಗೆ ಉಳಿಯುವುದು ಆ ಗಾಲಿಯೊಂದೇ. ಸಾಧ್ಯವಾದರೆ ಬೇರೆ ಜಾತಿಯ ಎರಡನೆಯ ಬೀಗವೊಂದಿರಲಿ. ಒಂದನ್ನು ಮುರಿಯುವ ಉಪಕರಣ ಇನ್ನೊಂದಕ್ಕೆ ಒದಗದು. ಬೀಗ ನೆಲಕ್ಕೆ ತಾಗುವಂತಿದ್ದರೆ ಬೋಲ್ಟ್ ಕಟರಿನ ಒಂದು ಹಿಡಿಯನ್ನು ನೆಲಕ್ಕೊತ್ತಿ ಇನ್ನೊಂದರ ಮೇಲೆ ಮೈಭಾರವನ್ನೆಲ್ಲ ಹಾಕಬಹುದು. ಆದುದರಿಂದ ಅದು ಮೇಲೆಯೇ ತೂಗುತ್ತಿರಲಿ.

ಇಷ್ಟು ಕಬ್ಬಿಣವನ್ನು ಹೊತ್ತು ತಿರುಗುವುದು ಹೇಗೆ ಎಂದು ಕೇಳಬಹುದು. ಒಂದು ಕಿಲೋ ತೂಕ ಇಳಿಸಲು ಸಾವಿರಾರು ರೂಪಾಯಿ ಕೊಟ್ಟವನು ಮೂರು ಕಿಲೋದ ಸರಪಳಿಯನ್ನು ಕೊರಳಿಗೆ ಹಾಕಿಕೊಳ್ಳುವುದು ವಿಪರ್ಯಾಸವೇ ಸರಿ. ಉಪಾಯ ಸರಳವಾಗಿದೆ. ದಿನವೂ ಒಂದೇ ಕಡೆ ನಿಲ್ಲಿಸುವವನು ಭಾರದ ಸರಪಳಿಯನ್ನು ಅಲ್ಲಿಯೇ, ಒಪ್ಪಿಗೆ ಪಡೆದು, ಕಂಬಕ್ಕೆ ಬಿಟ್ಟು ಬರಲಿ. ಜೊತೆಯಲ್ಲಿ ಸಣ್ಣ ಯು ಬೀಗವೊಂದನ್ನು ಒಯ್ಯಲಿ. ಘಟ್ಟ ಇಳಿಯುವ ಸವಾರನಿಗೂ ಈ ಸಣ್ಣದೇ ಸಾಕು. ಅವನು ಊಟಕ್ಕೆ ಕೂತಾಗ ಬೈಸಿಕಲ್ಲು ಕಣ್ಣಳತೆಯಲ್ಲಿರುತ್ತದೆ. ಬೈಸಿಕಲ್ಲಿನ ಬೆಲೆಯ ಹತ್ತರಲ್ಲೊಂದು ಪಾಲನ್ನು ಬೀಗಕ್ಕಿಡಬೇಕೆಂಬ ರೂಢಿಯ ಮಾತೊಂದಿದೆ. ಶಾಸ್ತ್ರವಲ್ಲದಿದ್ದರೂ ಲೆಕ್ಕ ಹಾಕಲು ಅದು ಒಳ್ಳೆಯ ಅಳತೆ.

ಖಾನಾಪುರದ ಕಾಡುಸೀಮೆಯಲ್ಲಿ ಇನ್ನೊಬ್ಬ ಶತ್ರುವಿದ್ದಾನೆ, ಅವನು ಮಳೆರಾಯ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಬೀಗದ ಒಳಗಿನ ಪಿನ್ನುಗಳೂ ಸ್ಪ್ರಿಂಗುಗಳೂ ತುಕ್ಕು ಹಿಡಿಯುತ್ತವೆ. ಕಳ್ಳನಿಗೆ ತೆರೆಯದ ಬೀಗ ಒಡೆಯನಿಗೂ ತೆರೆಯದಂತಾಗುತ್ತದೆ. ಕೀಲಿಕೈ ಒಳಗೇ ಮುರಿಯುತ್ತದೆ. ಕೊಳ್ಳುವಾಗಲೇ ಕೀಲಿಕೈಯ ಬಾಯಿಗೆ ಮುಚ್ಚಳವಿದೆಯೇ ಎಂದು ನೋಡಬೇಕು. ಹಾಕುವಾಗ ಆ ಬಾಯಿ ಕೆಳಮುಖವಾಗಿರಬೇಕು. ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನು ಸುರಿಯುವುದು ಬೇಡ. ತಂಪು ಹೆಚ್ಚಿದಾಗ ಅದು ಹೆಪ್ಪುಗಟ್ಟುತ್ತದೆ, ಧೂಳನ್ನು ಹಿಡಿಯುತ್ತದೆ. ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳುವಾದ ಎಣ್ಣೆಯ ಎರಡು ಹನಿ ಆಗಾಗ ಸಾಕು.

ಎಲ್ಲವನ್ನೂ ಮಾಡಿದ ಮೇಲೂ ಬೈಸಿಕಲ್ಲು ಹೋಗಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆಯಂತಾಗಬಾರದೆಂದರೆ ಮೊದಲೇ ಮಾಡಿಡಬೇಕಾದ ಕೆಲಸವೊಂದಿದೆ. ಒಂದು ಕಾಲದಲ್ಲಿ ಪುರಸಭೆಗಳು ಬೈಸಿಕಲ್ಲಿಗೆ ತೆರಿಗೆ ಹಾಕಿ ಅಂಕಿಯ ಬಿಲ್ಲೆ ಕೊಡುತ್ತಿದ್ದವು. ಜನ ಗೊಣಗುತ್ತಿದ್ದರೂ ಅದೊಂದು ಗುರುತಾಗಿತ್ತು. ಇಂದು ಉಳಿದಿರುವ ಗುರುತೆಂದರೆ ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲಿನ ಅಚ್ಚಿನ ತಳಭಾಗದಲ್ಲಿ, ಕೊರೆದಿರುವ ಸಂಖ್ಯೆ. ಅದನ್ನು ಬರೆದಿಡಿ, ರಸೀದಿಯನ್ನೂ ಛಾಯಾಚಿತ್ರವನ್ನೂ ಜೋಪಾನಮಾಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಡಿಯಲ್ಲಿ ಕಳವಿನ ದೂರನ್ನು ಕೊಡುವಾಗ, ಸಿಕ್ಕ ಬೈಸಿಕಲ್ಲು ನಮ್ಮದೇ ಎಂದು ತೋರಿಸುವಾಗ, ಆ ಸಂಖ್ಯೆಯಷ್ಟು ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ಹೀಗೆ ನೋಡಿದರೆ ಬೀಗವನ್ನು ಆರಿಸುವುದೆಂದರೆ ಉಕ್ಕಿನ ದಪ್ಪವನ್ನು ಆರಿಸುವುದಷ್ಟೇ ಅಲ್ಲ. ಎಲ್ಲಿ ನಿಲ್ಲಿಸುತ್ತೇವೆ, ಯಾವುದಕ್ಕೆ ಕಟ್ಟುತ್ತೇವೆ, ಎಷ್ಟು ಹೊತ್ತು ಬಿಟ್ಟಿರುತ್ತೇವೆ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಿಕೊಂಡು ಆಮೇಲೆ ಅಂಗಡಿಗೆ ಹೋಗಬೇಕು. ನಿಲ್ಲಿಸುವ ಜಾಗ ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದಾಗಿರಲಿ. ಎದುರಿನ ಅಂಗಡಿಯವನಿಗೆ ನಮ್ಮ ಮುಖವೂ ನಮ್ಮ ಬೈಸಿಕಲ್ಲೂ ಪರಿಚಯವಿರಲಿ. ಬೀಗ ಕೊಡುವ ಹತ್ತು ನಿಮಿಷಗಳ ಅವಕಾಶ ಸಾರ್ಥಕವಾಗುವುದು, ಆ ಹತ್ತು ನಿಮಿಷಗಳಲ್ಲಿ ಯಾರಾದರೊಬ್ಬರು ಅತ್ತ ತಿರುಗಿ ನೋಡಿದರೆ ಮಾತ್ರ.