ಆಮೆಯ ಬೆನ್ನು ಹತ್ತಿ

ಪುಸ್ತಕವೊಂದರ ಹೆಸರು ಮರೆತುಹೋದರೆ ಅದನ್ನು ಹುಡುಕುವ ಬಗೆ ನಮಗೆಲ್ಲ ತಿಳಿದದ್ದೇ. ಕರ್ತೃವಿನ ಹೆಸರೋ, ರಟ್ಟಿನ ಬಣ್ಣವೋ, ನಡುವಿನ ಒಂದು ಪ್ರಸಂಗವೋ ನೆನಪಿದ್ದರೆ ಸಾಕು, ಗ್ರಂಥಪಾಲಕರು ನಮ್ಮನ್ನು ಸರಿಯಾದ ಕಪಾಟಿನ ಬಳಿಗೆ ಕರೆದೊಯ್ಯುತ್ತಾರೆ. ಆದರೆ ಬಾಲ್ಯದಲ್ಲಿ ಶಾಲೆಯ ಕಂಪ್ಯೂಟರಿನ ಮುಂದೆ ಕುಳಿತು ಕಲಿತ ಪಾಠದ ಹೆಸರು ಮರೆತರೆ ಗತಿಯೇನು? ಇದೆಂಥ ಹುಡುಕಾಟವೆಂದು ಹಿರಿಯ ಅಧ್ಯಾಪಕರು ನಗಬಹುದು. ನನ್ನ ಓರಗೆಯವರು ನಗಲಾರರು; ನಮ್ಮಲ್ಲಿ ಅನೇಕರು ಲೆಕ್ಕವನ್ನು ಕರಿಹಲಗೆಯ ಮುಂದೆ ಕಲಿತಂತೆ ಪರದೆಯ ಮುಂದೆಯೂ ಕಲಿತವರಷ್ಟೆ.

ನನಗೆ ಈ ಹುಡುಕಾಟ ಒದಗಿದುದು ತಂಗಿಯಿಂದ. ಅವಳು ಏಳನೆಯ ತರಗತಿ. ಕೋನವೆಂದರೆ ಅವಳಿಗೆ ಕೋಣವನ್ನು ಕಂಡಷ್ಟು ಭಯ. "ಅಣ್ಣ, ಲೆಕ್ಕ ನನ್ನ ತಲೆಗೆ ಹತ್ತೋದಿಲ್ಲ, ಏಳಕ್ಕೇ ಬಿಟ್ಟುಬಿಡ್ತೀನಿ" ಎಂದು ಅವಳು ಹೇಳಿದ್ದು ಹಾಸ್ಯಕ್ಕಲ್ಲ. ನಮ್ಮ ಬೀದಿಯಲ್ಲಿ ಹಾಗೆ ಬಿಟ್ಟ ಹುಡುಗಿಯರು ಇದ್ದಾರೆ. ನನಗೆ ಕೋನವನ್ನು ತಿಳಿಯಹೇಳಿದುದು ಪಠ್ಯಪುಸ್ತಕವಲ್ಲ, 2014ರಲ್ಲಿ ಐದನೆಯ ತರಗತಿಯಲ್ಲಿ ಕಂಡ ಒಂದು ಆಮೆ. ಅದನ್ನು ಅವಳಿಗೂ ತೋರಿಸಬೇಕೆಂದು ಹೊರಟೆ. ಹೆಸರು ಮಾತ್ರ ನೆನಪಿಗೆ ಬಾರದು. ಶಾಲೆಯಲ್ಲಿ ವಿಚಾರಿಸಿದರೆ ಹಳೆಯ ಯಂತ್ರಗಳೆಲ್ಲ ಗುಜರಿಗೆ ಹೋಗಿ ವರ್ಷಗಳಾಗಿವೆ ಎಂದರು.

ನೆನಪಿನಲ್ಲಿದ್ದುದನ್ನು ಒಂದು ಹಾಳೆಯ ಮೇಲೆ ಬರೆದೆ. ಬಿಳಿಯ ಪರದೆ. ನಡುವೆ ಒಂದು ಪುಟ್ಟ ತ್ರಿಕೋನ. ಅದನ್ನೇ ಮೇಷ್ಟ್ರು ಆಮೆ ಎನ್ನುತ್ತಿದ್ದರು. ಕೆಳಗಡೆ ಅಪ್ಪಣೆ ಬರೆಯುವ ಪಟ್ಟಿ. ಅದರ ಪಕ್ಕದಲ್ಲಿ ಕೆಲವು ಗುಂಡಿಗಳು. ಒಂದರ ಮೇಲೆ 'ಹಾಲ್ಟ್', ಇನ್ನೊಂದರ ಮೇಲೆ ಯಾರಿಗೂ ಅರ್ಥವಾಗದ 'ಎಡಾಲ್'. ಹಳೆಯ ಸಹಪಾಠಿಯೊಬ್ಬನನ್ನು ಕೇಳಿದೆ. ಆಮೆ ಹಸುರಾಗಿತ್ತು, ನಾಲ್ಕು ಕಾಲೂ ಇದ್ದುವು ಎಂದು ಆಣೆಯಿಟ್ಟು ಹೇಳಿದ. ಎರಡು ವಾರ ಹಸುರು ಆಮೆಯ ಹಿಂದೆ ತಿರುಗಿದ್ದಾಯಿತು.

ಇಂಥ ಹುಡುಕಾಟದಲ್ಲಿ ನಾನು ಕಂಡುಕೊಂಡ ಸಂಗತಿಯೊಂದಿದೆ. ನಮಗೆ ಅತ್ಯಂತ ಚೆಲುವಾಗಿ ನೆನಪಿರುವುದು ಬಣ್ಣ, ಸಂಗೀತ, ಚಿತ್ರ. ಅವು ಸಾವಿರ ಕಡೆ ಇರುವುದರಿಂದ ಹುಡುಕಲು ನಿಷ್ಪ್ರಯೋಜಕ. ಕೈಹಿಡಿಯುವುದು ಅರ್ಥವಾಗದೆ ಉಳಿದ ವಿಚಿತ್ರವಾದ ಒಂದು ಮಾತು. 'ಎಡಾಲ್' ಎಂಬುದನ್ನು ಹುಡುಕಿದ ಕೂಡಲೆ ಹೆಸರು ಸಿಕ್ಕಿತು: ಎಂಎಸ್‌ಡಬ್ಲ್ಯೂ ಲೋಗೊ. 'ಎಲ್ಲವನ್ನೂ ತಿದ್ದು' ಎಂಬ ಇಂಗ್ಲಿಷ್ ಅಪ್ಪಣೆಯ ಮೊಟಕು ರೂಪವಂತೆ ಆ ಎಡಾಲ್!

ಲೋಗೊ ಎಂಬುದು ಮಕ್ಕಳಿಗಾಗಿಯೇ ರಚಿತವಾದ ಕಂಪ್ಯೂಟರ್ ಭಾಷೆ. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ 1967ರಲ್ಲಿ ಸೀಮೋರ್ ಪೇಪರ್ಟ್, ವಾಲಿ ಫರ್ಜಿಗ್, ಸಿಂಥಿಯಾ ಸಾಲೊಮನ್ ಮೊದಲಾದವರು ಇದನ್ನು ಕಟ್ಟಿದರು. ಮೊದಲು ಇದರಲ್ಲಿ ಆಮೆಯೇ ಇರಲಿಲ್ಲ. ಗ್ರೀಕಿನಲ್ಲಿ 'ಮಾತು' ಎಂಬರ್ಥದ ಶಬ್ದದಿಂದ ಹೆಸರು ಪಡೆದ ಈ ಭಾಷೆಯಲ್ಲಿ ಮಕ್ಕಳು ಪದಗಳೊಡನೆ, ವಾಕ್ಯಗಳೊಡನೆ ಆಡುತ್ತಿದ್ದರು. ಅನಂತರ ನೆಲದ ಮೇಲೆ ಹರಿದಾಡುತ್ತ ಗೆರೆ ಎಳೆಯುವ ಯಂತ್ರದ ಆಮೆ ಬಂದಿತು. ಅದೇ ಮುಂದೆ ಪರದೆಗೆ ಏರಿ ತ್ರಿಕೋನವಾಯಿತು. ಪೇಪರ್ಟ್ ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆಯ ಬಳಿ ಕೆಲಸ ಮಾಡಿದವರು. ಮಗು ತನ್ನ ಮೈಯನ್ನೇ ಆಮೆಯ ಸ್ಥಾನದಲ್ಲಿಟ್ಟು ಯೋಚಿಸಬೇಕೆಂಬುದು ಅವರ ಮತ. ಬರ್ಕ್ಲಿ ವಿಶ್ವವಿದ್ಯಾನಿಲಯದ ಬ್ರಯಾನ್ ಹಾರ್ವಿಯವರ ಲೋಗೊವನ್ನು ಆಧರಿಸಿ ಜಾರ್ಜ್ ಮಿಲ್ಸ್ ಎಂಬವರು ವಿಂಡೋಸಿಗೆ ಅಳವಡಿಸಿದ್ದೇ ನಮ್ಮ ಶಾಲೆಯ ಆಮೆ. ಕಾಲು ತಲೆಗಳುಳ್ಳ ಆಮೆ ಬೇರೆ ಲೋಗೊಗಳಲ್ಲಿ ಉಂಟು; ಗೆಳೆಯನ ಆಣೆ ಪೂರ್ತಿ ಸುಳ್ಳಲ್ಲ.

ಆ ಆಮೆ ಕೋನವನ್ನು ಕಲಿಸುವುದು ಹೇಗೆ? 'ಎಫ್‌ಡಿ 100' ಎಂದರೆ ನೂರು ಹೆಜ್ಜೆ ಮುಂದೆ. 'ಆರ್‌ಟಿ 90' ಎಂದರೆ ತೊಂಬತ್ತು ಡಿಗ್ರಿ ಬಲಕ್ಕೆ. ಸಮಬಾಹು ತ್ರಿಭುಜದ ಪ್ರತಿ ಕೋನ 60 ಡಿಗ್ರಿ ಎಂದು ಪುಸ್ತಕ ಹೇಳುತ್ತದೆ. ನಮ್ಮ ಮೇಷ್ಟ್ರು ಬೇಕೆಂದೇ 'ರಿಪೀಟ್ 3 [ಎಫ್‌ಡಿ 100 ಆರ್‌ಟಿ 60]' ಎಂದು ಬರೆಸಿದರು. ತ್ರಿಭುಜ ಮೂಡಲಿಲ್ಲ, ಅರ್ಧ ಷಡ್ಭುಜ ಬಾಯಿ ತೆರೆದು ನಿಂತಿತು. ಆಮೇಲೆ ಒಬ್ಬ ಹುಡುಗನನ್ನು ಎಬ್ಬಿಸಿ ಅಂಗಳದಲ್ಲಿ ತ್ರಿಭುಜದ ಮೇಲೆ ನಡೆಸಿದರು. ಮೂಲೆಯಲ್ಲಿ ಅವನು ತಿರುಗಬೇಕಾದುದು ಒಳಗಿನ 60 ಅಲ್ಲ, ಹೊರಗಿನ 120. ಸುತ್ತಿ ಬಂದು ಮೊದಲಿನ ದಿಕ್ಕಿಗೇ ಮುಖ ಮಾಡಿದರೆ ಒಟ್ಟು ತಿರುಗಿದುದು 360. ಆದುದರಿಂದ ಪಂಚಭುಜಕ್ಕೆ 72, ಷಡ್ಭುಜಕ್ಕೆ 60. ಎರಡು ಸುತ್ತು ತಿರುಗಿ ಐದು ಗೆರೆ ಎಳೆದರೆ, ಅಂದರೆ 144 ಇಟ್ಟರೆ, ನಕ್ಷತ್ರ! ಇದನ್ನು ಬಾಯಿಪಾಠ ಮಾಡಬೇಕಾದುದೇ ಇಲ್ಲ.

ಹೆಸರು ತಿಳಿದ ಮೇಲೆ ದಾರಿ ಸುಲಭ. ಇದರ ಮುಂದುವರಿಕೆಯಾದ ಎಫ್‌ಎಂಎಸ್ ಲೋಗೊ ಉಚಿತವಾಗಿ ದೊರೆಯುತ್ತದೆ. ಆದರೆ ಎಲ್ಲ ತಂತ್ರಾಂಶಗಳಿಗೂ ಈ ಭಾಗ್ಯವಿಲ್ಲ. ಅದೇ ಕೋಣೆಯಲ್ಲಿ ನಾವು ನೋಡಿದ ಕನ್ನಡದ ಸಿ.ಡಿ. ಒಂದಿತ್ತು: ಸಂತೆಗೆ ಹೋಗುವ ಎತ್ತಿನ ಗಾಡಿ, ಮೂಟೆಗಳ ಲೆಕ್ಕ, ತಪ್ಪಿದರೆ ಎತ್ತು ಕುಳಿತುಬಿಡುವುದು. ಅದು ಇಂದಿಗೂ ಸಿಕ್ಕಿಲ್ಲ. 2000ದ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರಿ ಶಾಲೆಗಳಿಗೆಂದು ಕನ್ನಡದಲ್ಲಿಯೂ ಇತರ ಭಾಷೆಗಳಲ್ಲಿಯೂ ಕಲಿಕೆಯ ಸಿ.ಡಿ.ಗಳನ್ನು ಸಿದ್ಧಪಡಿಸಿತು; ಖಾಸಗಿಯವರೂ ಮಾರಿದರು. ಅಮೆರಿಕದ ಮಿನೆಸೋಟದಲ್ಲಿ 1971ರಲ್ಲಿ ಮೂವರು ತರುಣ ಶಿಕ್ಷಕರು ಇತಿಹಾಸದ ಪಾಠಕ್ಕೆಂದು ಬರೆದ 'ಆರೆಗಾನ್ ಟ್ರೇಲ್' ಎಂಬ ಆಟದ ಮುಂದಿನ ರೂಪವನ್ನು ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹಾಲಯದಲ್ಲಿ ಇಂದು ಕುಳಿತಲ್ಲಿಂದಲೇ ಆಡಬಹುದು. ನಮ್ಮ ಎತ್ತಿನ ಗಾಡಿಗೆ ಅಂಥ ಕೊಟ್ಟಿಗೆ ಇಲ್ಲ. 1954ರ ಕಾಯಿದೆಯಂತೆ ಪ್ರಕಾಶಕರು ಪ್ರತಿ ಪುಸ್ತಕದ ಪ್ರತಿಯನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕು. ಆ ಕಾಯಿದೆ ಪುಸ್ತಕ, ಪತ್ರಿಕೆಗಳ ಮಾತನ್ನಾಡುತ್ತದೆ, ಸಿ.ಡಿ.ಯ ಮಾತನ್ನಲ್ಲ.

ಆದುದರಿಂದ ಹಳೆಯ ಸಿ.ಡಿ.ಗಳು ಉಳಿದಿದ್ದರೆ ಮನೆಯ ಟ್ರಂಕಿನಲ್ಲಿಯೇ ಉಳಿದಿರಬೇಕು. ಸಿಕ್ಕಿದವರು ಮೊದಲು ಅದರ ಪೂರ್ಣ ಪ್ರತಿಯೊಂದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ನ್ಯಾಯವಾಗಿ ಪಡೆದ ತಂತ್ರಾಂಶ ಹಾಳಾಗದಂತೆ ಪ್ರತಿ ಇಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿಯೇ ಅವಕಾಶವಿದೆ. ಓಡದಿದ್ದರೆ ಎದೆಗುಂದಬೇಕಾಗಿಲ್ಲ. 16 ಬಿಟ್ಟಿನ ಹಳೆಯ ಕಾರ್ಯಕ್ರಮಗಳು ಇಂದಿನ 64 ಬಿಟ್ಟಿನ ವಿಂಡೋಸಿನಲ್ಲಿ ನಡೆಯವು, ಆದರೆ ಡಾಸಿನ ಕಾಲದವನ್ನು ಡಾಸ್‌ಬಾಕ್ಸ್ ನಡೆಸಬಲ್ಲದು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕೈಬಿಟ್ಟ ಫ್ಲಾಶ್ ಪಾಠಗಳನ್ನು ರಫಲ್ ಬಹುಮಟ್ಟಿಗೆ ತೋರಿಸುತ್ತದೆ. ಒಳಗಿನ ಕಡತಗಳಲ್ಲಿ ಕನ್ನಡದ ಬದಲು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಕೆಟ್ಟಿದೆಯೆಂದಲ್ಲ. ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಯಲ್ಲಿ ಬರೆದುದು ಹಾಗೆಯೇ ಕಾಣುವುದು.

ತಂಗಿ ಈಗ 144ನ್ನು ದಾಟಿದ್ದಾಳೆ. ಮೊನ್ನೆ ಏಳು ಮೊನೆಯ ನಕ್ಷತ್ರಕ್ಕೆ ಎಷ್ಟು ತಿರುಗಬೇಕೆಂದು ಕೇಳಿದಳು. ಮೂರು ಸುತ್ತನ್ನು ಏಳರಿಂದ ಭಾಗಿಸಲು ಹೇಳಿದೆ. 154ರ ಮುಂದೆ ದಶಾಂಶ ಮುಗಿಯುವುದೇ ಇಲ್ಲವೆಂದು ಆಮೆಯೊಡನೆ ಜಗಳಕ್ಕೆ ಕುಳಿತಿದ್ದಾಳೆ. ಎತ್ತಿನ ಗಾಡಿಯ ಸಿ.ಡಿ. ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ನಮ್ಮ ಗ್ರಂಥಪಾಲಕರ ಬಳಿ ತಿಳಿಸಬೇಕು.