ಮೊದಲು ಕಿವಿ, ಆಮೇಲೆ ಅಕ್ಷರ: ಗಡಿನಾಡಿನ ಮಕ್ಕಳು ಓದು ಕಲಿಯುವ ಬಗೆ

ಕಾಸರಗೋಡು: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಪೇಟೆಯಲ್ಲಿ ಮಲಯಾಳಂ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳು ಬೆಳೆಯುವುದೇ ಹೀಗೆ. ಎರಡನೇ ತರಗತಿ ಮುಗಿಯುತ್ತಾ ಬಂದರೂ ಮಗು ತಡವರಿಸಿ ಓದುತ್ತಿದ್ದರೆ ಹೆತ್ತವರಿಗೆ ಆತಂಕ ಶುರುವಾಗುತ್ತದೆ. ಭಾಷೆ ಜಾಸ್ತಿಯಾಗಿ ಮಗುವಿಗೆ ಗೊಂದಲವಾಗಿದೆ ಎಂದು ಒಬ್ಬರು ಹೇಳಿದರೆ, ಕನ್ನಡ ಶಾಲೆ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕಿ ಎಂದು ಇನ್ನೊಬ್ಬರು ಸಲಹೆ ಕೊಡುತ್ತಾರೆ. ಅಂಥ ತೀರ್ಮಾನಕ್ಕೆ ಬರುವ ಮೊದಲು, ಮಗು ಓದು ಕಲಿಯುವುದು ಹೇಗೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಕಿವಿಯ ಪಾಠ ತೊಟ್ಟಿಲಲ್ಲೇ

ಓದು ಶುರುವಾಗುವುದು ಪುಸ್ತಕದಿಂದಲ್ಲ, ಕಿವಿಯಿಂದ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ನಡೆಸಿ 1984ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಚೆನ್ನಾಗಿ ತೋರಿಸಿತು. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ 'ತ' ಮತ್ತು 'ಟ' ಧ್ವನಿಗಳ ವ್ಯತ್ಯಾಸವನ್ನು ಗುರುತಿಸುತ್ತಿದ್ದವು. ಅದೇ ವಾತಾವರಣದ ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಸುತ್ತಮುತ್ತ ಕೇಳಿಸದ ಧ್ವನಿಯನ್ನು ಕಿವಿ ವರ್ಷ ತುಂಬುವುದರೊಳಗೆ ಬದಿಗಿಡುತ್ತದೆ, ಕೇಳಿಸುವುದನ್ನು ಉಳಿಸಿಕೊಳ್ಳುತ್ತದೆ.

ಈ ಲೆಕ್ಕದಲ್ಲಿ ಗಡಿನಾಡಿನ ಮಗುವಿಗೆ ಲಾಭವೇ ಹೆಚ್ಚು. ಮಳೆಗೆ ಮಲಯಾಳಂನಲ್ಲಿ ಹೇಳುವ ಶಬ್ದದಲ್ಲಿ ನಮ್ಮ 'ಳ'ಕ್ಕಿಂತ ಬೇರೆಯಾದ ಒಂದು ಧ್ವನಿಯಿದೆ. ಹಳಗನ್ನಡದಲ್ಲಿ 'ೞ' ಎಂದು ಬರೆಯುತ್ತಿದ್ದ ಈ ಧ್ವನಿ ಕನ್ನಡದಿಂದ ಮರೆಯಾಗಿ ಶತಮಾನಗಳೇ ಕಳೆದಿವೆ. ಮಲಯಾಳಂ ಕಿವಿಗೆ ಬೀಳುತ್ತಾ ಬೆಳೆದ ಕನ್ನಡದ ಮಗು ಇವೆರಡನ್ನೂ ಬೇರೆಬೇರೆಯಾಗಿಯೇ ಕೇಳಿಸಿಕೊಳ್ಳಬಲ್ಲದು.

ಅರ್ಥ ಬೇರೆ, ಶಬ್ದ ಬೇರೆ

ಮಾತು ಕಲಿತ ಮಗುವಿಗೆ 'ಮನೆ' ಎಂದರೆ ತಾನಿರುವ ಮನೆ. ಆ ಮಾತಿನಲ್ಲಿ 'ಮ' ಮತ್ತು 'ನೆ' ಎಂಬ ಎರಡು ತುಂಡುಗಳಿವೆ ಎಂಬುದು ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಅರ್ಥವನ್ನು ಬದಿಗಿಟ್ಟು ಶಬ್ದವನ್ನಷ್ಟೇ ಗಮನಿಸುವ ಈ ಶಕ್ತಿಯನ್ನು ಧ್ವನಿ ಅರಿವು ಎನ್ನುತ್ತಾರೆ. ಓದಿಗೆ ಅಡಿಪಾಯ ಇದೇ. ತುಂಡುಗಳು ಕಿವಿಗೆ ತಿಳಿದಿದ್ದರೆ ಮಾತ್ರ ಯಾವ ಅಕ್ಷರ ಯಾವ ತುಂಡಿಗೆ ಎಂಬುದು ಗೊತ್ತಾಗುತ್ತದೆ.

ಈ ಅರಿವು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಅಮೆರಿಕದಲ್ಲಿ ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮಕ್ಕಳು ಒಂದು ಶಬ್ದ ಕೇಳಿ, ಅದರಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಸಲ ಮೇಜು ಕುಟ್ಟಬೇಕಿತ್ತು. ನಾಲ್ಕು ವರ್ಷದವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಕ್ಕಳು ಉಚ್ಚಾರಣೆಯ ತುಂಡುಗಳನ್ನು ಸರಿಯಾಗಿ ಎಣಿಸಿದರು. ಆದರೆ 'ಕ'ದಲ್ಲಿ 'ಕ್' ಮತ್ತು 'ಅ' ಇರುವಂತೆ ತುಂಡಿನೊಳಗಿರುವ ಬಿಡಿ ಧ್ವನಿಗಳನ್ನು ಎಣಿಸಲು ಒಬ್ಬರಿಂದಲೂ ಆಗಲಿಲ್ಲ. ಒಂದನೇ ತರಗತಿ ಮುಗಿಸುತ್ತಿದ್ದವರಲ್ಲಿ ನೂರಕ್ಕೆ 90 ಮಂದಿ ಮೊದಲನೆಯದನ್ನೂ 70 ಮಂದಿ ಎರಡನೆಯದನ್ನೂ ಮಾಡಿದರು. ದೊಡ್ಡ ತುಂಡು ಮೊದಲು, ಸಣ್ಣ ಧ್ವನಿ ಆಮೇಲೆ. ಸಣ್ಣ ಧ್ವನಿಯ ಅರಿವು ಬಹುಮಟ್ಟಿಗೆ ಓದು ಕಲಿಯುತ್ತಾ ಕಲಿಯುತ್ತಲೇ ಬರುತ್ತದೆ.

ಕನ್ನಡ ಸುಲಭವಾಗುವುದೆಲ್ಲಿ, ಕಷ್ಟವಾಗುವುದೆಲ್ಲಿ?

ಕನ್ನಡ ಲಿಪಿ ಮೊದಲ ಮೆಟ್ಟಿಲಿನಲ್ಲಿ ಮಗುವಿಗೆ ನೆರವಾಗುತ್ತದೆ. ಬಾಯಿಯ ಒಂದು ತುಂಡಿಗೆ ಬರವಣಿಗೆಯಲ್ಲಿ ಒಂದು ಅಕ್ಷರ. ಮ-ರ, ಸ-ರ, ನ-ಗ-ರ ಎಂದು ಕಿವಿಗೆ ಕೇಳಿದ ಹಾಗೆಯೇ ಕಣ್ಣಿಗೂ ಕಾಣುತ್ತದೆ. ಹಾಗಾಗಿ ಒಂದನೇ ತರಗತಿಯ ಮಗು ಬಿಡಿ ಅಕ್ಷರಗಳ ಶಬ್ದಗಳನ್ನು ಬೇಗ ಓದುತ್ತದೆ, ಹೆತ್ತವರಿಗೂ ಸಂತೋಷವಾಗುತ್ತದೆ.

ಕಷ್ಟ ಎದುರಾಗುವುದು ಕಾಗುಣಿತದಲ್ಲಿ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳು. ಇಷ್ಟನ್ನೂ ಬಾಯಿಪಾಠ ಮಾಡಿ ಗುರುತಿಟ್ಟುಕೊಳ್ಳುವುದು ಆಗದ ಮಾತು. 'ಕಿ, ಮಿ, ನಿ' ಮೂರರಲ್ಲೂ ಇರುವುದು ಒಂದೇ 'ಇ' ಎಂದು ಕಿವಿಗೆ ಹೊಳೆದ ಮಗುವಿಗೆ ಮಾತ್ರ ಗುಡಿಸಿನ ಗುಟ್ಟು ತಿಳಿಯುತ್ತದೆ. ಅದು ಹೊಳೆಯುವವರೆಗೆ ಮಗು 'ಕಿ'ಯನ್ನು 'ಕ' ಎಂದು ಓದುತ್ತದೆ, ದೀರ್ಘ ಬಿಟ್ಟು ಬರೆಯುತ್ತದೆ.

ಅದರ ಮೇಲಿನ ಮೆಟ್ಟಿಲು ಒತ್ತಕ್ಷರ. 'ಅಕ್ಕ' ಎನ್ನುವಾಗ ಬಾಯಿ ಮಾಡುವ ತುಂಡುಗಳು 'ಅಕ್' ಮತ್ತು 'ಕ'. ಬರವಣಿಗೆಯಲ್ಲಿ ಮಾತ್ರ 'ಅ' ಒಂದು ಕಡೆ, 'ಕ್ಕ' ಒಂದು ಕಡೆ. ಅಲ್ಲಿಯವರೆಗೆ ಒಟ್ಟಿಗೆ ನಡೆದ ಕಿವಿ ಮತ್ತು ಕಣ್ಣು ಇಲ್ಲಿ ಬೇರೆಯಾಗುತ್ತವೆ. 'ವರ್ಷ'ದಲ್ಲಿ ಇನ್ನೂ ವಿಚಿತ್ರ: ಮೊದಲು ಕೇಳುವ 'ರ್' ಅರ್ಕಾವೊತ್ತಾಗಿ 'ಷ'ದ ನಂತರ ಬಂದು ಕೂರುತ್ತದೆ. ಮಗು 'ವಷ' ಎಂದೋ 'ವರಷ' ಎಂದೋ ಬರೆದರೆ ಅದು ದಡ್ಡತನವಲ್ಲ, ಕಿವಿಯ ಲೆಕ್ಕವನ್ನು ಕಣ್ಣಿನ ಲೆಕ್ಕಕ್ಕೆ ಹೊಂದಿಸುವ ಪ್ರಯತ್ನ.

ಕರ್ನಾಟಕದ ಕನ್ನಡ ಶಾಲಾ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಕನ್ನಡದ ಎಲ್ಲ ಅಕ್ಷರ ರೂಪಗಳ ಮೇಲೆ ಹಿಡಿತ ಬರಲು ಮೂರನೇ, ನಾಲ್ಕನೇ ತರಗತಿಯವರೆಗೂ ಸಮಯ ಬೇಕು. ಬಿಡಿ ಧ್ವನಿಯ ಅರಿವೂ ನಿಧಾನವಾಗಿಯೇ ಮೂಡುತ್ತದೆ. 26 ಅಕ್ಷರಗಳ ಇಂಗ್ಲಿಷ್ ಲಿಪಿಯ ಅಳತೆಗೋಲಿನಿಂದ ಕನ್ನಡದ ಮಗುವನ್ನು ಅಳೆದರೆ ಅದು ಹಿಂದೆ ಬಿದ್ದಂತೆ ಕಾಣುವುದು ಸಹಜ.

ಮನೆಮಾತು ಅಡ್ಡಿಯಲ್ಲ

ತುಳು ಮನೆಯ ಮಗು 'ನೀರು' ಎಂಬುದನ್ನು 'ನೀರ್' ಎಂದು ಬರೆಯಬಹುದು. ತುಳುವಿನಲ್ಲೂ ಮಲಯಾಳಂನಲ್ಲೂ ಶಬ್ದದ ಕೊನೆಗೆ ಬರುವ ಅರ್ಧ 'ಉ'ಕಾರಕ್ಕೆ ಕನ್ನಡದಲ್ಲಿ ಬೇರೆ ಅಕ್ಷರವಿಲ್ಲ. 'ಭಾಷೆ' ಎನ್ನುವಲ್ಲಿ 'ಬಾಸೆ' ಎಂದು ಬರೆಯುವುದೂ ಆಡುಮಾತಿನ ಪ್ರಭಾವವೇ. ಹೀಗೆ ಬರೆದ ಮಗುವಿನ ಕಿವಿ ಚುರುಕಾಗಿದೆ, ಅದಕ್ಕೆ ಬೇಕಾಗಿರುವುದು ಬರಹದ ರೂಢಿಯ ಪರಿಚಯ ಮಾತ್ರ.

ಮನೆಮಾತಿನಲ್ಲಿ ಬೆಳೆದ ಧ್ವನಿ ಅರಿವು ಶಾಲೆಯ ಭಾಷೆಗೂ ಒದಗುತ್ತದೆ. ಸ್ಪ್ಯಾನಿಷ್ ಮನೆಮಾತಿನ ಅಮೆರಿಕದ ಮಕ್ಕಳ ಕುರಿತು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಪ್ಯಾನಿಷ್‌ನಲ್ಲಿ ಶಬ್ದಗಳನ್ನು ಚೆನ್ನಾಗಿ ಬಿಡಿಸಬಲ್ಲ ಮಕ್ಕಳು ಇಂಗ್ಲಿಷ್ ಶಬ್ದಗಳ ಓದಿನಲ್ಲೂ ಮುಂದಿದ್ದರು. ಹೀಗಾಗಿ ಅಜ್ಜಿ ತುಳುವಿನಲ್ಲಿ ಆಡಿಸುವ ಮಾತಿನಾಟ ಕನ್ನಡ ಪಾಠಕ್ಕೆ ವಿರೋಧಿಯಲ್ಲ, ಅದಕ್ಕೆ ಹಾಕಿದ ಗೊಬ್ಬರ.

ಎರಡು ಲಿಪಿಗಳ ವಿಷಯವೂ ಹಾಗೆಯೇ. ಕನ್ನಡ ಮಲಯಾಳಂ ಎರಡರಲ್ಲೂ ಅಕ್ಷರಮಾಲೆಯ ಕ್ರಮ ಒಂದೇ, ವ್ಯಂಜನಕ್ಕೆ ಸ್ವರಚಿಹ್ನೆ ಸೇರುವ ನಿಯಮವೂ ಒಂದೇ. ವ್ಯತ್ಯಾಸವಿರುವ ಜಾಗವನ್ನು ಮಾತ್ರ ಬಿಡಿಸಿ ಹೇಳಬೇಕು. ಮಲಯಾಳಂನಲ್ಲಿ ಎ, ಏ, ಐ ಚಿಹ್ನೆಗಳು ವ್ಯಂಜನದ ಎಡಗಡೆಗೆ ಬರುತ್ತವೆ, ಒ ಮತ್ತು ಓ ಎರಡೂ ಬದಿಗೆ ಬರುತ್ತವೆ. ಅಂದರೆ ಆಮೇಲೆ ಉಚ್ಚರಿಸುವ ಸ್ವರ ಕಣ್ಣಿಗೆ ಮೊದಲು ಸಿಗುತ್ತದೆ. ಸ್ವರವಿಲ್ಲದ ಣ್, ನ್, ರ್, ಲ್, ಳ್ ಧ್ವನಿಗಳಿಗೆ ಅಲ್ಲಿ ಚಿಲ್ಲು ಎಂಬ ಬೇರೆ ಅಕ್ಷರಗಳೇ ಇವೆ. ಕಾಗುಣಿತದ ತತ್ವವನ್ನು ಒಂದು ಲಿಪಿಯಲ್ಲಿ ಗಟ್ಟಿಯಾಗಿ ಕಲಿತ ಮಗುವಿಗೆ ಎರಡನೆಯದರಲ್ಲಿ ಅರ್ಧ ಕೆಲಸ ಮುಗಿದಂತೆ.

ಮನೆಯಲ್ಲಿ ಮಾಡಬಹುದಾದ್ದು

ಇದಕ್ಕೆ ಖರ್ಚಿಲ್ಲ, ಹೆತ್ತವರಿಗೆ ಓದು ಬರಲೇಬೇಕೆಂದೂ ಇಲ್ಲ. ಅಂಗನವಾಡಿ ವಯಸ್ಸಿನಲ್ಲಿ ಹೆಸರುಗಳಿಗೆ ಚಪ್ಪಾಳೆ ತಟ್ಟಿ ತುಂಡು ಎಣಿಸಬಹುದು. 'ಕಾಗೆ, ಕಾಲು, ಮೇಜು, ಇದರಲ್ಲಿ ಸೇರದ್ದು ಯಾವುದು?' ಎಂದು ಕೇಳಬಹುದು. ಶಾಲೆಗೆ ಸೇರಿದ ಮೇಲೆ 'ಅರಸ'ದಿಂದ 'ಅ' ತೆಗೆದರೆ ಏನು ಉಳಿಯಿತು ಎಂದು ಕೇಳಿದರೆ ಮಗು ನಗುತ್ತಾ 'ರಸ' ಎನ್ನುತ್ತದೆ. ಅಂತ್ಯಾಕ್ಷರಿಯಂತೂ ಕೊನೆಯ ತುಂಡನ್ನು ಹಿಡಿಯುವ ಒಳ್ಳೆಯ ಅಭ್ಯಾಸ.

ಮೂರು ಭಾಷೆಯ ಮನೆಗೆ ಇನ್ನೊಂದು ಆಟವಿದೆ. ಕನ್ನಡದ 'ಹೂ' ತುಳು ಮಲಯಾಳಂಗಳಲ್ಲಿ 'ಪೂ'. 'ಹತ್ತು' ಎರಡರಲ್ಲೂ 'ಪತ್ತ್'. ನಮ್ಮ 'ಹುಲಿ' ತುಳುವಿನಲ್ಲಿ 'ಪಿಲಿ'. ಯಾವ ಧ್ವನಿ ಬದಲಾಯಿತು, ಯಾವುದು ಉಳಿಯಿತು ಎಂದು ಮಗುವೇ ಹುಡುಕಲಿ. 'ಹ್' ಹೋಗಿ 'ಪ್' ಬಂತು ಎಂದು ಹೇಳುವ ಮಗು ಕಾಗುಣಿತಕ್ಕೆ ಬೇಕಾದ ಅದೇ ಸೂಕ್ಷ್ಮ ಧ್ವನಿಯನ್ನು ಹಿಡಿದಿರುತ್ತದೆ.

ಯಾವಾಗ ಎಚ್ಚರ ಬೇಕು?

ನಿಧಾನವೆಲ್ಲ ಸಹಜ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಪದೇ ಪದೇ ಕಿವಿ ಸೋರುವ, ಕರೆದರೆ ತಿರುಗದ ಮಗುವಿಗೆ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಮೂರನೇ ತರಗತಿಯಲ್ಲೂ ಬಿಡಿ ಅಕ್ಷರಗಳೇ ಮರೆತುಹೋಗುತ್ತಿದ್ದರೆ, ಶಬ್ದದ ಮೊದಲ ತುಂಡನ್ನು ಹೇಳಲಾಗದಿದ್ದರೆ ಅಧ್ಯಾಪಕರ ಜೊತೆ ಮಾತಾಡಿ ತಜ್ಞರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ತಪಾಸಣೆಗೆ ಹೆಸರಾದದ್ದು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಮಾನ್ಯ ಮಾಡಿರುವುದರಿಂದ ಅಂಥ ಮಕ್ಕಳಿಗೆ ಕಾನೂನಿನ ಬೆಂಬಲವೂ ಇದೆ.

ಉಳಿದ ಮಕ್ಕಳ ವಿಷಯದಲ್ಲಿ ಯೋಚಿಸಬೇಕಾದ್ದು ಇಷ್ಟು. ಎರಡನೇ, ಮೂರನೇ ತರಗತಿ ಎಂದರೆ ಕಾಗುಣಿತ, ಒತ್ತಕ್ಷರಗಳ ಕೆಲಸ ಅರ್ಧ ಆಗಿರುವ ಹೊತ್ತು. ಆಗಲೇ ಶಾಲೆ ಬದಲಿಸಿದರೆ ಆ ಕೆಲಸ ಅರ್ಧಕ್ಕೇ ನಿಂತು, ಬರೆದಂತೆ ಓದಲಾಗದ ಇಂಗ್ಲಿಷ್ ಕಾಗುಣಿತದ ಭಾರ ಅದರ ಮೇಲೆ ಬೀಳುತ್ತದೆ. ಇತ್ತ ಮಕ್ಕಳ ಸಂಖ್ಯೆಯ ಮೇಲೆ ಅಧ್ಯಾಪಕ ಹುದ್ದೆ ನಿಗದಿಯಾಗುವುದರಿಂದ ಕನ್ನಡ ವಿಭಾಗಕ್ಕೂ ನಷ್ಟ. ಬದಲಿಸುವ ಯೋಚನೆ ಇದ್ದರೂ ಮಗು ಒತ್ತಕ್ಷರವಿರುವ ಒಂದು ಪುಟವನ್ನು ತಡವರಿಸದೆ ಓದುವವರೆಗೆ ಕಾಯುವುದು ಲೇಸು. ಅಲ್ಲಿಯವರೆಗೆ ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕುಳಿತು, ಅದು ಓದುವುದನ್ನು ತಿದ್ದುವ ಅವಸರವಿಲ್ಲದೆ ಕೇಳಿದರೆ ಸಾಕು.