ಅಧ್ಯಕ್ಷರ ಕೈಯಲ್ಲಿ ಇರುವುದೇನು, ಇಲ್ಲದ್ದೇನು?

ಲಂಡನ್ನಿನ ಮೇಯರ್ ಸಾದಿಕ್ ಖಾನ್ 2016, 2021, 2024ರಲ್ಲಿ ಸತತ ಮೂರು ಸಲ ಗೆದ್ದರು. ಅಲ್ಲಿ ಮತದಾರರು ಮೇಯರ್ ಹುದ್ದೆಗೇ ನೇರವಾಗಿ ಮತ ಹಾಕುತ್ತಾರೆ. ಹಾಗಾಗಿ ಬಸ್ ದರ, ಮನೆ, ಹೊಗೆ ಇಂಥ ವಿಷಯಗಳಲ್ಲಿ ಅವರ ನಿಲುವೇನು ಎಂದು ಕೇಳುವುದಕ್ಕೆ ಅರ್ಥವಿದೆ. ನಮ್ಮಲ್ಲಿ ಮಹಾನಗರ ಪಾಲಿಕೆಯ ಮೇಯರ್ ಕೂಡ ಜನರಿಂದ ನೇರವಾಗಿ ಆಯ್ಕೆಯಾದವರಲ್ಲ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ಪಾಲಿಕೆ ಸದಸ್ಯರೇ ಅವರನ್ನು ಆರಿಸುತ್ತಾರೆ, ಅದೂ ಒಂದೇ ವರ್ಷಕ್ಕೆ.

ಮಾಲೂರು ತಾಲ್ಲೂಕಿನ ಟೇಕಲ್ ಹೋಬಳಿಯಲ್ಲಿ ಆ ಜಾಗದಲ್ಲಿರುವವರು ಗ್ರಾಮ ಪಂಚಾಯಿತಿ ಅಧ್ಯಕ್ಷರು. ಅವರು ಮತ್ತೆ ಮತ ಕೇಳಲು ಬಂದಾಗ ಊರಿನಲ್ಲಿ ಓಡಾಡುವ ಮಾತುಗಳಲ್ಲಿ ತಪ್ಪು ತಿಳಿವಳಿಕೆ ತುಂಬ ಇದೆ. ಅದರಿಂದ ಒಳ್ಳೆಯ ಅಧ್ಯಕ್ಷರಿಗೆ ಅನ್ಯಾಯವಾಗುತ್ತದೆ, ಕೆಲಸ ಮಾಡದವರು ತಪ್ಪಿಸಿಕೊಳ್ಳುತ್ತಾರೆ.

“ಇನ್ನೈದು ವರ್ಷ ನಾನೇ ಅಧ್ಯಕ್ಷ” ಎಂಬ ಮಾತನ್ನೇ ತೆಗೆದುಕೊಳ್ಳಿ. ಹಾಗೆ ಹೇಳಲು ಯಾರಿಗೂ ಸಾಧ್ಯವಿಲ್ಲ. ನಾವು ಆರಿಸುವುದು ವಾರ್ಡಿನ ಸದಸ್ಯರನ್ನು. ಅಧ್ಯಕ್ಷರನ್ನು ಆರಿಸುವವರು ಸದಸ್ಯರು. 2020ರ ಡಿಸೆಂಬರ್ 22 ಮತ್ತು 27ರಂದು ನಡೆದ ಚುನಾವಣೆಯ ನಂತರ ಅಧ್ಯಕ್ಷ ಸ್ಥಾನ 30 ತಿಂಗಳಿಗೊಮ್ಮೆ ಬದಲಾಯಿತು. ಆ ಸ್ಥಾನಕ್ಕೆ ಸರದಿಯ ಮೀಸಲಾತಿಯೂ ಇದೆ. ಕಳೆದ ಸಲ ಸಾಮಾನ್ಯ ವರ್ಗಕ್ಕಿದ್ದದ್ದು ಈ ಸಲ ಪರಿಶಿಷ್ಟ ಜಾತಿಯ ಮಹಿಳೆಗೆ ಹೋಗಬಹುದು. ಗೆದ್ದ ಸದಸ್ಯರಿಗೂ ತಾನು ಮತ್ತೆ ಅಧ್ಯಕ್ಷನಾಗುವ ಖಾತ್ರಿ ಇರುವುದಿಲ್ಲ. ಇನ್ನು ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಫ್ಲೆಕ್ಸಿನಲ್ಲಿ ಯಾವ ನಾಯಕರ ಫೋಟೊ ಇದ್ದರೂ ಮತಪತ್ರದಲ್ಲಿ ಪಕ್ಷ ಕಾಣುವುದಿಲ್ಲ.

“ಕೆರೆ ತುಂಬಿಸಿದ್ದು ನಾನೇ” ಎಂಬ ಮಾತು ನಮ್ಮ ಕೋಲಾರ ಜಿಲ್ಲೆಯಲ್ಲಿ ಬೇಗ ಓಟು ತರುತ್ತದೆ, ಏಕೆಂದರೆ ಬತ್ತಿದ ಕೆರೆ ನೋಡಿ ನೋಡಿ ನಾವು ನೊಂದಿದ್ದೇವೆ. ಆದರೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ರಾಜ್ಯ ಸರ್ಕಾರದ ಸಣ್ಣ ನೀರಾವರಿ ಇಲಾಖೆಯ ಯೋಜನೆಯಿಂದ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ಅಂತರ್ಜಲ ಹೆಚ್ಚಲೆಂದು ಕೆರೆಗಳಿಗೆ ಬಿಡುತ್ತಾರೆ. ನೇರವಾಗಿ ಕುಡಿಯುವುದಕ್ಕಲ್ಲ. ಯಾವ ಕೆರೆಗೆ ನೀರು ಹರಿಯಬೇಕು ಎಂದು ಪಂಚಾಯಿತಿ ತೀರ್ಮಾನಿಸುವುದಿಲ್ಲ.

ಪಂಚಾಯಿತಿಗೆ ಸೇರಿದ್ದು ಮನೆಯ ನಲ್ಲಿ. ಬೋರ್‌ವೆಲ್ ಮೋಟಾರು ಸುಟ್ಟರೆ ಎಷ್ಟು ದಿನದಲ್ಲಿ ರಿಪೇರಿಯಾಯಿತು, ಓವರ್‌ಹೆಡ್ ಟ್ಯಾಂಕ್ ಯಾವಾಗ ತೊಳೆದರು, ನೀರುಗಂಟಿ ಯಾವ ಬೀದಿಗೆ ಎಷ್ಟು ಹೊತ್ತು ಬಿಡುತ್ತಾರೆ, ನೀರಿನಲ್ಲಿ ಫ್ಲೋರೈಡ್ ಪರೀಕ್ಷೆ ಆಗಿದೆಯೇ, ಶುದ್ಧ ನೀರಿನ ಘಟಕ ನಡೆಯುತ್ತಿದೆಯೇ ಎಂಬುದನ್ನೆಲ್ಲ ಅಧ್ಯಕ್ಷರನ್ನೇ ಕೇಳಬೇಕು. ದುಡ್ಡಿಲ್ಲ ಎಂಬ ಉತ್ತರ ಬಂದರೆ ಇದನ್ನು ನೆನಪಿಡಿ: 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಡಿಸಿಕೊಂಡವರಿರುವ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಚುನಾವಣಾ ಪ್ರಶ್ನೆ ನನಗೆ ಕಾಣುವುದಿಲ್ಲ.

ಟೇಕಲ್ ಅಂದರೆ ಬಂಡೆಗಳ ನಾಡು. ಹಾಗಾಗಿ “ಕ್ವಾರಿ ನಿಲ್ಲಿಸುತ್ತೇನೆ” ಎಂದರೂ ಚಪ್ಪಾಳೆ ಬೀಳುತ್ತದೆ, “ಕಲ್ಲು ಕೆಲಸದವರಿಗೆ ಕ್ವಾರಿ ಕೊಡಿಸುತ್ತೇನೆ” ಎಂದರೂ ಬೀಳುತ್ತದೆ. ಗುತ್ತಿಗೆ ಕೊಡುವ ಅಧಿಕಾರ ಇರುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, 1994ರ ಉಪಖನಿಜ ನಿಯಮಗಳ ಪ್ರಕಾರ. ಅಧ್ಯಕ್ಷರು ನಿರ್ಣಯ ಮಾಡಿಸಿ ಮೇಲಕ್ಕೆ ಕಳಿಸಬಹುದು, ದೂರು ಕೊಡಬಹುದು. ಅಷ್ಟನ್ನಾದರೂ ಮಾಡಿದ್ದಾರೆಯೇ ಎಂದು ಕೇಳಿ. ಹಾಗೆಯೇ ರೈಲು ನಿಲುಗಡೆ ರೈಲ್ವೆ ಇಲಾಖೆಯದು, ಪಿಂಚಣಿ ಅರ್ಜಿ ನಾಡಕಚೇರಿಯದು, ರೇಷನ್ ಕಾರ್ಡು ಆಹಾರ ಇಲಾಖೆಯದು.

ಎಲ್ಲಕ್ಕಿಂತ ಹೆಚ್ಚು ನೋವು ತರುವುದು “ಅಧ್ಯಕ್ಷರು ಮನೆ ಕೊಡಿಸಿದರು” ಎಂಬ ನಂಬಿಕೆ. ಮನೆ ಇಲ್ಲದ ಬಡವರು ಅವರ ಬಾಗಿಲಿಗೆ ಅಲೆಯುತ್ತಾರೆ, ಕೆಲವರು ದುಡ್ಡೂ ಕಳೆದುಕೊಳ್ಳುತ್ತಾರೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಫಲಾನುಭವಿಗಳನ್ನು ಗುರುತಿಸುವುದು ವಾರ್ಡ್ ಸಭೆ ಮತ್ತು ಗ್ರಾಮಸಭೆಯ ಕೆಲಸ. ಅಲ್ಲಿ ಕೂತು ಹೆಸರು ಹೇಳುವ ಹಕ್ಕು ನಮ್ಮದು. ಊರವರು ಬಾರದಿದ್ದರೆ ಪಟ್ಟಿ ಬಂದ ನಾಲ್ಕು ಜನರ ಪಾಲಾಗುತ್ತದೆ, ಆಮೇಲೆ ಅದೇ ಪಟ್ಟಿ ಯಾರದೋ ಉಪಕಾರದಂತೆ ಕಾಣುತ್ತದೆ.

“ಪಿಡಿಒ ಬಿಡಲಿಲ್ಲ” ಎಂಬುದು ಅರ್ಧ ಸತ್ಯ. ಪಂಚಾಯಿತಿ ಹಣ ಹೊರಹೋಗಲು ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಒಪ್ಪಿಗೆಯೂ ಬೇಕು. ಆದ್ದರಿಂದ ಕೆಟ್ಟ ಕಾಮಗಾರಿಗೆ ಬಿಲ್ಲು ಪಾಸಾಗಿದ್ದರೆ ಅಧ್ಯಕ್ಷರು ಹೊಣೆ ಕಳಚಿಕೊಳ್ಳಲಾರರು.

ಗ್ರಾಮಸಭೆಯ ಟಾಂಟಾಂ ಕೇಳಿದ ದಿನ ದಯವಿಟ್ಟು ಹೋಗಿ, ಹೆಣ್ಣುಮಕ್ಕಳೂ ಹೋಗಿ. ನಡಾವಳಿ ಪುಸ್ತಕವನ್ನು ಗಟ್ಟಿಯಾಗಿ ಓದಿಸಿ. ನೀರಿಗೆ ಬಂದ ಹಣ ಎಷ್ಟು, ಖರ್ಚಾದದ್ದು ಎಷ್ಟು ಎಂದು ಕೇಳಿ, ಉತ್ತರವನ್ನು ಅದೇ ಪುಸ್ತಕದಲ್ಲಿ ಬರೆಸಿ ಬನ್ನಿ.